ಬಣ್ಣಕ್ಕೆ ಬಣ್ಣ ಕೂಡಿಸುವ ಬೀದಿ

ಬೆಂಗಳೂರಿನ ಪುರಭವನದಿಂದ ಹೊರಟು ಮಿನರ್ವ ವೃತ್ತದವರೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಗೂ ಬಣ್ಣಕ್ಕೂ ಇರುವ ನಂಟು ಎರಡು ಬಗೆಯದು. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗಾಗಿ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ ಇರುವುದು ಈ ರಸ್ತೆಯಲ್ಲೇ. ಅಲ್ಲಿ ಸಂಜೆಯಾದರೆ ನಟರು ಮುಖಕ್ಕೆ ಬಣ್ಣ ಹಚ್ಚಿಕೊಂಡು ರಂಗವೇರುತ್ತಾರೆ. ಬಣ್ಣ ಹಚ್ಚುವುದೆಂದರೆ ಇರುವುದನ್ನು ಮರೆಸಿ ಇಲ್ಲದ್ದನ್ನು ತೋರುವುದು ಎಂಬುದು ನಮ್ಮ ನುಡಿಗಟ್ಟಿನ ಇಂಗಿತ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ನಡೆದರೆ ಇನ್ನೊಂದು ಬಗೆಯ ಬಣ್ಣಗಾರರ ಸಾಮ್ರಾಜ್ಯ ಆರಂಭವಾಗುತ್ತದೆ. ಇವರ ಕೆಲಸವೂ ಮರೆಸುವುದೇ. ಆದರೆ ಇವರು ಬಣ್ಣ ಹಚ್ಚಿದ್ದು ಯಾರ ಕಣ್ಣಿಗೂ ಬೀಳಬಾರದು. ನಟನ ಬಣ್ಣ ಕಂಡರೆ ಚಪ್ಪಾಳೆ, ಇವರ ಬಣ್ಣ ಕಂಡರೆ ಜಗಳ.

ಜೆ.ಸಿ. ರಸ್ತೆಯೆಂದೇ ಊರಿನ ಬಾಯಲ್ಲಿ ಹೆಸರಾದ ಈ ಬೀದಿ ಮೋಟಾರು ವಾಹನಗಳ ಬಿಡಿಭಾಗಗಳ ಪೇಟೆ. ಬಂಪರು, ಕನ್ನಡಿ, ಹಾರನ್ನು, ಸೀಟಿನ ಹೊದಿಕೆ, ಕಾಲಡಿಯ ಚಾಪೆ, ಗಾಜಿಗೆ ಅಂಟಿಸುವ ಕಪ್ಪು ಹಾಳೆ, ಹೊಸ ಕಾರಿನ ಮೂತಿಗೆ ಕಟ್ಟುವ ನಿಂಬೆಹಣ್ಣೊಂದನ್ನು ಬಿಟ್ಟು ಉಳಿದೆಲ್ಲವೂ ಇಲ್ಲಿ ಸಿಗುತ್ತದೆ. ಕನ್ನಡ, ಉರ್ದು, ತಮಿಳು, ಮಾರವಾಡಿ ಭಾಷೆಗಳು ಒಂದೇ ವಾಕ್ಯದೊಳಗೆ ಕೂಡಿ ಬಾಳುತ್ತವೆ. ಕಾರು ನಿಲ್ಲಿಸಲು ಜಾಗ ಹುಡುಕುವ ಗಿರಾಕಿ, ಕಾರು ನಿಲ್ಲುವ ಮೊದಲೇ ಕಿಟಕಿಗೆ ಬಾಗಿ ‘ಏನ್ ಬೇಕು ಸಾರ್’ ಎನ್ನುವ ಹುಡುಗರು, ಪಕ್ಕದ ಕಲಾಸಿಪಾಳ್ಯದ ಕಡೆಗೆ ತಿರುಗುವ ಬಸ್ಸುಗಳ ಗದ್ದಲ. ಇವುಗಳ ನಡುವೆ ಬಣ್ಣ ಬೆರೆಸುವ ಅಂಗಡಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೊದಲು ಅದರ ಸುಳಿವು ಕೊಡುವುದು ಮೂಗು. ಥಿನ್ನರಿನ ಘಾಟು ಎಲ್ಲಿ ಹೆಚ್ಚಾಯಿತೋ ಅಲ್ಲಿ ತಲೆಯೆತ್ತಿ ನೋಡಿದರೆ ಬೋರ್ಡು ಕಾಣುತ್ತದೆ.

ಅಂಥದೊಂದು ಅಂಗಡಿ. ಅಗಲ ಹತ್ತು ಅಡಿ, ಉದ್ದ ಅದರ ಮೂರರಷ್ಟು. ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟಿನಲ್ಲಿ ಡಬ್ಬಿಗಳ ಸಾಲು. ಪ್ರತಿಯೊಂದರಲ್ಲೂ ಒಂದೊಂದು ಮೂಲವರ್ಣ. ಬಿಳಿ, ಕಪ್ಪು, ಮೂರು ನಾಲ್ಕು ಬಗೆಯ ನೀಲಿ, ಅಷ್ಟೇ ಬಗೆಯ ಕೆಂಪು, ಸಣ್ಣ ಹುಡಿಯ ಬೆಳ್ಳಿ, ದಪ್ಪ ಹುಡಿಯ ಬೆಳ್ಳಿ. ಗುಂಡಿಯೊತ್ತಿದರೆ ಎಲ್ಲ ಡಬ್ಬಿಗಳ ಒಳಗಿನ ಸೌಟುಗಳೂ ಒಮ್ಮೆಗೇ ತಿರುಗಿ, ತಳಕ್ಕೆ ಕೂತ ಬಣ್ಣವನ್ನು ಎಬ್ಬಿಸುತ್ತವೆ. ಮೇಜಿನ ಮೇಲೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗವನ್ನೂ ತೋರುವ ತಕ್ಕಡಿ, ಪಕ್ಕದಲ್ಲಿ ಗಣಕಯಂತ್ರ. ತಕ್ಕಡಿಯ ಮುಂದೆ ಅರವತ್ತು ದಾಟಿದ ಒಬ್ಬ ಮೇಸ್ತ್ರಿ. ಅವರು ಈ ಮೇಜಿಗೆ ಬಂದು ನಲವತ್ತು ವರ್ಷಗಳಾದವು. ಬೀದಿಯವರಿಗೆಲ್ಲ ಅವರು ಬರಿಯ ‘ಮಿಕ್ಸಿಂಗ್ ಮೇಸ್ತ್ರಿ’.

ಮಳೆಗಾಲದ ಒಂದು ಸೋಮವಾರ ಜಯನಗರದ ಮನೆಯೊಂದರ ಕಾರು ಚಾಲಕ ಈ ಅಂಗಡಿಯ ಮೆಟ್ಟಿಲು ಹತ್ತಿದ. ಯಜಮಾನರ ಕಾರು ಮಾರುತಿಯದು, ಬಣ್ಣ ಬೆಳ್ಳಿ. ನೆಲಮಾಳಿಗೆಯ ಕಂಬವೊಂದು ಎಡಗಡೆಯ ಮುಂಬಾಗಿಲನ್ನು ಮೊಳದುದ್ದ ಸವರಿಬಿಟ್ಟಿತ್ತು. ಯಜಮಾನರು ಪರವೂರಿನಲ್ಲಿದ್ದರು. ಅವನು ಫೋನಿನಲ್ಲಿ ಸಂಗತಿಯನ್ನು ಮುಚ್ಚಿಡದೆ ಹೇಳಿದ್ದ. ಅವರೂ ಕೂಗಾಡಿರಲಿಲ್ಲ. ‘ಗುರುವಾರ ಬರುತ್ತೇನೆ, ಅಷ್ಟರಲ್ಲಿ ಮಾಡಿಸು. ಮಾಡಿಸಿದ್ದು ಗೊತ್ತಾಗಬಾರದು. ಗೊತ್ತಾದರೆ ಪೂರ್ತಿ ಕಂಪೆನಿಯಲ್ಲೇ ಮಾಡಿಸಿ ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ’ ಎಂದಿದ್ದರು. ಆ ತಿಂಗಳು ಅವನ ಮಗಳ ಶಾಲೆಯ ಶುಲ್ಕವೂ ಕಟ್ಟುವುದಿತ್ತು.

“ಬೆಳ್ಳಿ ಬಣ್ಣ ಕೊಡಿ ಮೇಸ್ತ್ರಿಗಳೇ, ಅರ್ಧ ಲೀಟರ್” ಎಂದ ಚಾಲಕ.

“ಯಾವ ಬೆಳ್ಳಿ ಅಪ್ಪಾ? ನಮ್ಮ ಹತ್ತಿರ ಬೆಳ್ಳಿಯೇ ನೂರು ಥರ ಇದೆ. ಬಾನೆಟ್ ಎತ್ತಿ ತಗಡಿನ ಮೇಲೆ ಏನು ಬರೆದಿದೆ ನೋಡಿಕೊಂಡು ಬಾ.”

ಆ ತಗಡೇ ಎಲ್ಲಕ್ಕೂ ಮೂಲ. ಕಾರ್ಖಾನೆಯಿಂದ ಹೊರಬರುವ ಪ್ರತಿಯೊಂದು ಕಾರಿನಲ್ಲೂ, ಬಾನೆಟ್ಟಿನ ಕೆಳಗೋ ಬಾಗಿಲ ಕಂಬದ ಮೇಲೋ, ಅದರ ಜಾತಕ ಕೊರೆದ ಫಲಕವೋ ಚೀಟಿಯೋ ಇರುತ್ತದೆ. ಅದರಲ್ಲಿ ಬಣ್ಣದ ಸಂಕೇತವೂ ಉಂಟು. ಟೊಯೋಟಾ ಕಾರಿನಲ್ಲಿ 040 ಎಂದಿದ್ದರೆ ಅದೊಂದು ಬಿಳಿ. ಹೋಂಡಾದವರ ಎನ್.ಎಚ್. 578 ಇನ್ನೊಂದು ಬಿಳಿ. ಅದರ ಹೆಸರು ‘ಟ್ಯಾಫೆಟಾ ವೈಟ್’. ಟ್ಯಾಫೆಟಾ ಎಂದರೆ ಒಂದು ಬಗೆಯ ರೇಷ್ಮೆ ಬಟ್ಟೆ. ಚಾಲಕ ಓದಿಕೊಂಡು ಬಂದ ಝಡ್2ಎಸ್ ಎಂಬುದು ಮಾರುತಿಯ ‘ಸಿಲ್ಕಿ ಸಿಲ್ವರ್’. ಅಲ್ಲೂ ರೇಷ್ಮೆಯೇ! ಉಕ್ಕಿನ ತಗಡಿಗೆ ರೇಷ್ಮೆಯ ಹೆಸರಿಡುವ ಈ ಮೋಹವನ್ನು ಕಂಡರೆ, ಕಾರು ಕೊಳ್ಳುವಾಗ ಮನೆಯಲ್ಲಿ ಬಣ್ಣವನ್ನು ಆರಿಸುವವರು ಯಾರೆಂಬುದು ಕಂಪೆನಿಗಳಿಗೆ ಚೆನ್ನಾಗಿ ತಿಳಿದಿರುವಂತೆ ತೋರುತ್ತದೆ.

ಸಂಕೇತ ಸಿಕ್ಕಿದೊಡನೆ ಕೆಲಸ ಮುಗಿಯಿತೆಂದು ಹೊರಗಿನವರು ತಿಳಿಯುತ್ತಾರೆ. ನಿಜವಾಗಿ ಕೆಲಸ ಆರಂಭವಾಗುವುದೇ ಆಗ. ಒಂದೇ ಸಂಕೇತದ ಬಣ್ಣವನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಬಳಿದಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಆದ್ದರಿಂದ ಗಣಕಯಂತ್ರದಲ್ಲಿ ಒಂದು ಸಂಕೇತಕ್ಕೆ ಒಂದೇ ಪಾಕವಿಲ್ಲ. ಮೂಲಪಾಕವೊಂದು, ಅದರ ಮರಿಪಾಕಗಳು ಹಲವು: ಕೊಂಚ ಹಳದಿ ತಿರುಗಿದ್ದು, ಕೊಂಚ ನೀಲಿ ತಿರುಗಿದ್ದು, ಹುಡಿ ದಪ್ಪವಾದದ್ದು. ಇದರ ಮೇಲೆ ಬಿಸಿಲು ತನ್ನ ಪಾಲಿನದನ್ನು ಕೂಡಿಸುತ್ತದೆ. ಹತ್ತು ವರ್ಷ ಬಯಲಿನಲ್ಲಿ ನಿಂತ ಕಾರಿನ ಬಾನೆಟ್ಟು, ತಾರಸಿಗಳು ಬಾಗಿಲಿಗಿಂತ ಬೇಗ ಮಂಕಾಗುತ್ತವೆ. ಹೊಸ ಕಾರಿಗೆ ಸರಿಹೊಂದುವ ಬಣ್ಣ ಹಳೆಯ ಕಾರಿನ ಮೇಲೆ ತೇಪೆಯಂತೆ ಎದ್ದು ಕಾಣುವುದು ಇದರಿಂದಲೇ. ತಿಳಿದ ಗಿರಾಕಿಗಳು ಕಾರಿನ ಪೆಟ್ರೋಲು ತುಂಬಿಸುವ ಬಾಯಿಯ ಮುಚ್ಚಳವನ್ನೇ ಬಿಚ್ಚಿ, ಕೊಳೆ ತೊಳೆದು, ಪಾಲಿಷ್ ಹಾಕಿ ಅಂಗಡಿಗೆ ತರುತ್ತಾರೆ. ಧೂಳು ಕೂತ ತಗಡಿಗೆ ಬಣ್ಣ ಹೊಂದಿಸಿದರೆ ಧೂಳಿಗೇ ಹೊಂದಿಸಿದಂತಾಗುತ್ತದೆ.

ಇದನ್ನು ವಿವರಿಸಲು ಮೇಸ್ತ್ರಿ ಕೊಡುವ ದೃಷ್ಟಾಂತ ಗೃಹಿಣಿಯರಿಗೆ ಕೂಡಲೇ ತಿಳಿಯುವಂಥದು. ಸೀರೆಗೆ ಕುಪ್ಪಸದ ಬಟ್ಟೆ ಕೊಳ್ಳಲು ಮ್ಯಾಚಿಂಗ್ ಸೆಂಟರಿಗೆ ಹೋದ ಹೆಂಗಸು ‘ಗಿಳಿಹಸಿರು ಕೊಡಿ’ ಎಂದು ಬಾಯಲ್ಲಿ ಹೇಳಿ ಸುಮ್ಮನಾಗುವುದಿಲ್ಲ. ಸೀರೆಯನ್ನೇ ಒಯ್ಯುತ್ತಾಳೆ. ಅಂಗಡಿಯ ದೀಪದ ಕೆಳಗೆ ಎರಡೂ ಒಂದೇ ಎನಿಸಿದರೂ ನಂಬದೆ ಹೊಸ್ತಿಲಿಗೆ ಬಂದು ಹಗಲಿನ ಬೆಳಕಿಗೆ ಹಿಡಿಯುತ್ತಾಳೆ. ಕೊಳವೆದೀಪದಲ್ಲಿ ಒಂದಾಗಿ ಕಂಡ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗುವುದುಂಟು. ಅವುಗಳಲ್ಲಿ ಕೂಡಿರುವ ಮೂಲವರ್ಣಗಳು ಬೇರೆ ಬೇರೆಯಾಗಿದ್ದರೆ ಹೀಗಾಗುತ್ತದೆ. ವಿಜ್ಞಾನಿಗಳು ಇದಕ್ಕೆ ದೊಡ್ಡ ಹೆಸರಿಟ್ಟಿದ್ದಾರೆ. ಚಿಕ್ಕಪೇಟೆಗೆ ಹೋಗುವ ಹೆಂಗಸರು ಹೆಸರಿಲ್ಲದೆಯೇ ಅದನ್ನು ಬಲ್ಲರು.

ಹಿಂದೆ ಈ ಕೆಲಸ ಇಷ್ಟು ತೊಡಕಾಗಿರಲಿಲ್ಲ. ಅಮೆರಿಕದ ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ಬರುತ್ತಿತ್ತು. ಮ್ಯಾಚಿಂಗಿನ ಮಾತೇ ಇಲ್ಲ. 1923ರಲ್ಲಿ ಡ್ಯೂಪಾಂಟ್ ಕಂಪೆನಿಯ ‘ಡ್ಯೂಕೊ’ ಎಂಬ, ಬೇಗನೆ ಒಣಗುವ ಮೆರುಗು ಬಣ್ಣ ಜನರಲ್ ಮೋಟಾರ್ಸಿನ ಓಕ್‌ಲೆಂಡ್ ಕಾರಿಗೆ ನೀಲಿಯಾಗಿ ಹತ್ತಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಕಂಪೆನಿ ಎಲ್ಲಿಯದೋ, ಹೆಸರು ಎಲ್ಲಿಯದೋ. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಮುದುಕರ ಬಾಯಲ್ಲಿ ಎಲ್ಲ ಕಾರುಬಣ್ಣವೂ ‘ಡ್ಯೂಕೊ’ ತಾನೇ! ಇಂಥ ಬಣ್ಣಕ್ಕೆ ಇಂಗ್ಲಿಷಿನಲ್ಲಿ ‘ಲ್ಯಾಕರ್’ ಎನ್ನುತ್ತಾರೆ. ಈ ಮಾತಿನ ಬೇರನ್ನು ಹಿಡಿದು ಹೊರಟರೆ ಪೋರ್ಚುಗೀಸ್, ಅರಬ್ಬಿಗಳನ್ನು ದಾಟಿ ಸಂಸ್ಕೃತದ ‘ಲಾಕ್ಷಾ’ ಶಬ್ದಕ್ಕೆ, ಎಂದರೆ ನಮ್ಮ ಅರಗಿಗೆ, ಬಂದು ನಿಲ್ಲುತ್ತೇವೆ. ಪಾಂಡವರಿಗೆ ಕೌರವರು ಕಟ್ಟಿಸಿಕೊಟ್ಟ ಮನೆಯೂ ಅದರದೇ, ಚನ್ನಪಟ್ಟಣದ ಬೊಂಬೆಯ ಮೆರುಗೂ ಅದರದೇ. ಟೊಯೋಟಾ ಕಾರುಗಳು ತಯಾರಾಗುವ ಬಿಡದಿಯಿಂದ ಮೈಸೂರಿನ ಹಾದಿಯಲ್ಲಿ ಮುಂದುವರಿದರೆ ಚನ್ನಪಟ್ಟಣ ಸಿಗುತ್ತದೆ. ಒಂದೇ ರಸ್ತೆಯ ಮೇಲೆ ಹಳೆಯ ಮೆರುಗು, ಹೊಸ ಮೆರುಗು!

ಅಂಬಾಸಡರ್ ಕಾರುಗಳ ಕಾಲದಲ್ಲಿ (ಉತ್ತರಪಾರಾದ ಕಾರ್ಖಾನೆ ಅದನ್ನು 1957ರಿಂದ 2014ರವರೆಗೆ ತಯಾರಿಸಿತು) ಬಹುಪಾಲು ಬಣ್ಣಗಳು ಸಪಾಟು ಬಣ್ಣಗಳು. ಬಿಳಿಗೆ ಒಂದಿಷ್ಟು ಹಳದಿ, ತುಸು ಕಪ್ಪು ಸೇರಿಸಿ ಕೋಲಿನಲ್ಲಿ ತಿರುಗಿಸಿ, ಉಗುರಿನ ಮೇಲೆ ಒಂದು ತೊಟ್ಟು ಇಟ್ಟು ನೋಡಿದರೆ ಆಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಒಂದೊಂದಾಗಿ ಹೊಸ ಕಂಪೆನಿಗಳು, ಹೊಸ ಬಣ್ಣಗಳು ಬಂದವು. ಅವುಗಳಲ್ಲಿ ಮೇಸ್ತ್ರಿಗಳ ನಿದ್ದೆ ಕೆಡಿಸಿದ್ದು ಬೆಳ್ಳಿ. ಬೆಳ್ಳಿಯ ಬಣ್ಣವೆಂದರೆ ಬಣ್ಣವೇ ಅಲ್ಲ. ಅದು ಅಲ್ಯುಮಿನಿಯಮ್ಮಿನ ಕಣ್ಣಿಗೆ ಕಾಣದಷ್ಟು ಸಣ್ಣ ಹಾಳೆಗಳ ಗುಂಪು. ಮುತ್ತಿನ ಹೊಳಪಿನ ಬಣ್ಣವಾದರೆ ಅದರಲ್ಲಿ ಅಭ್ರಕದ ಚೂರುಗಳು. ಹಾಳೆಗಳು ಅಂಗಾತ ಮಲಗಿದರೆ ಎದುರಿನಿಂದ ಥಳಥಳಿಸಿ ಓರೆಯಿಂದ ಕಪ್ಪಾಗಿ ಕಾಣುತ್ತವೆ. ಅಡ್ಡಾದಿಡ್ಡಿ ನಿಂತರೆ ಎದುರಿನಿಂದ ಮಂಕು. ಅವು ಹೇಗೆ ಮಲಗಬೇಕೆಂಬುದು ಡಬ್ಬಿಯಲ್ಲಿ ನಿರ್ಧಾರವಾಗುವುದಿಲ್ಲ, ಸಿಂಪಡಿಸುವವನ ಮಣಿಕಟ್ಟಿನಲ್ಲಿ ಆಗುತ್ತದೆ. ಒದ್ದೆಯಾಗಿ ದಟ್ಟವಾಗಿ ಹೊಡೆದರೆ ಬಣ್ಣ ಕಪ್ಪೇರುತ್ತದೆ. ದೂರದಿಂದ ಒಣಗೊಣಗಾಗಿ ಹೊಡೆದರೆ ಬೆಳ್ಳಗಾಗುತ್ತದೆ. ಒಂದೇ ಡಬ್ಬಿಯ ಬಣ್ಣ ಇಬ್ಬರು ಪೇಂಟರುಗಳ ಕೈಯಲ್ಲಿ ಎರಡು ಬಣ್ಣ.

ಹಾಗಾಗಿಯೇ ಇಂದು ಅಂಗಡಿಗಳಲ್ಲಿ ಬಣ್ಣ ಅಳೆಯುವ ಯಂತ್ರ ಬಂದಿದೆ. ಅಂಗೈಯಗಲದ ಪೆಟ್ಟಿಗೆ, ಕಾರಿನ ಮೈಗೆ ಒತ್ತಿ ಹಿಡಿದರೆ ತನ್ನದೇ ಬೆಳಕು ಬೀರಿ 15, 45, 110 ಡಿಗ್ರಿಗಳಂಥ ಹಲವು ಕೋನಗಳಲ್ಲಿ ಹಿಂತಿರುಗುವ ಬೆಳಕನ್ನು ಅಳೆದು, ಯಾವ ಮರಿಪಾಕ ಹತ್ತಿರವೆಂದು ಸೂಚಿಸುತ್ತದೆ. ಈ ಅಂಗಡಿಗೂ ಅದು ಬಂದದ್ದು ಕೆಲವು ವರ್ಷಗಳ ಹಿಂದೆ. ಬಂದ ಕಾರಣವನ್ನು ಅಂಗಡಿಯ ಮಾಲೀಕರು ಮೇಸ್ತ್ರಿಯ ಎದುರಿಗೆ ಹೇಳುವುದಿಲ್ಲ; ಮೇಸ್ತ್ರಿಯೇ ಹೇಳುತ್ತಾರೆ.

ಒಂದು ವರ್ಷ ಅವರು ಬೆರೆಸಿದ ಡಬ್ಬಿಗಳು ಹಿಂದಿರುಗಲಾರಂಭಿಸಿದವು. ಎಲ್ಲವೂ ಅಲ್ಲ; ಬೆಳ್ಳಿ, ತಿಳಿಬೂದು, ಮುತ್ತಿನ ಬಿಳಿ. ‘ನೀಲಿ ಹೊಡೆಯುತ್ತೆ’ ಎಂಬುದು ಗ್ಯಾರೇಜಿನವರ ದೂರು. ಮೇಸ್ತ್ರಿ ಕಾರಿನ ಮುಂದೆ ನಿಂತು ನೋಡಿದರೆ ಅವರಿಗೆ ನೀಲಿ ಕಾಣಲೊಲ್ಲದು. ಪೇಂಟರನ ಕೈ ಸರಿಯಿಲ್ಲವೆಂದು ವಾದಿಸಿದರು. ನಲವತ್ತು ವರ್ಷ ಕಣ್ಣಿನ ಮೇಲೆಯೇ ಬದುಕಿದ ಮನುಷ್ಯ ಕಣ್ಣನ್ನು ಅನುಮಾನಿಸುವುದು ಕಟ್ಟಕಡೆಗೆ. ಒಂದು ದಿನ ಕೈಕೆಳಗಿನ ಹುಡುಗ, ಹತ್ತೊಂಬತ್ತರವನು, ಮೆಲ್ಲಗೆ ‘ಮೇಸ್ತ್ರಿ, ನನಗೂ ನೀಲಿ ಕಾಣುತ್ತೆ’ ಎಂದ. ಅಂದು ಅವರು ಮಧ್ಯಾಹ್ನದ ಊಟ ಮಾಡಲಿಲ್ಲ.

ಮಿಂಟೋ ಕಣ್ಣಾಸ್ಪತ್ರೆ ಅಲ್ಲಿಂದ ದೂರವಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿದೆಯೆಂದು ವೈದ್ಯರು ಹೇಳಿದರು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಯಾಗುತ್ತದೆ. ಹಳದಿ ಗಾಜಿನ ಮೂಲಕ ನೋಡಿದಂತೆ ನೀಲಿಯ ಬೆಳಕು ಒಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಇದು ವರ್ಷಾನುಗಟ್ಟಲೆ ಇಷ್ಟಿಷ್ಟಾಗಿ ನಡೆಯುವುದರಿಂದ ನೋಡುವವನಿಗೆ ತಿಳಿಯುವುದೇ ಇಲ್ಲ. ಡಬ್ಬಿಯಲ್ಲಿ ನೀಲಿಯ ಎರಡು ತೊಟ್ಟು ಹೆಚ್ಚಾದರೂ ಮೇಸ್ತ್ರಿಯ ಕಣ್ಣು ಅದನ್ನು ಹಿಡಿಯುತ್ತಿರಲಿಲ್ಲ.

ಮೊದಲು ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮೇಲೆ ಅವರು ಕಂಡದ್ದನ್ನು ಅವರ ಮಾತಿನಲ್ಲೇ ಕೇಳಬೇಕು: “ನನ್ನ ಪಂಚೆಗೆ ಮನೆಯವರು ಯಾಕಿಷ್ಟು ನೀಲಿ ಹಾಕಿ ಒಗೆದಿದ್ದಾರೆ ಅಂದುಕೊಂಡೆ. ಆಮೇಲೆ ಇನ್ನೊಂದು ಕಣ್ಣಲ್ಲಿ ನೋಡಿದೆ. ಅದರಲ್ಲಿ ಪಂಚೆ ಟೀ ಚೆಲ್ಲಿದ ಹಾಗೆ!” ಎರಡನೆಯ ಕಣ್ಣಿನ ಸರದಿ ಬರುವವರೆಗೆ ಅವರಿಗೆ ಎರಡು ಲೋಕ. ಅಂಗಡಿಗೆ ಬಂದು ಕುಳಿತು, ಹಳೆಯ ಮಾದರಿ ತಗಡುಗಳನ್ನೆಲ್ಲ ಹೊರತೆಗೆದು, ಒಂದು ಕಣ್ಣು ಮುಚ್ಚಿ ಒಂದರಲ್ಲಿ, ಅದನ್ನು ಮುಚ್ಚಿ ಇನ್ನೊಂದರಲ್ಲಿ ನೋಡುತ್ತ ಹೋದರು. ತಾವು ಸರಿಯೆಂದು ಕಳುಹಿಸಿದ್ದವುಗಳಲ್ಲಿ ಯಾವುವು ತಪ್ಪಾಗಿದ್ದವೆಂದು ಅವರಿಗೆ ಅಂದು ಕಂಡಿತು. ಹೀಗೆ ತನ್ನ ಹಳೆಯ ದೃಷ್ಟಿಯನ್ನೂ ಹೊಸ ದೃಷ್ಟಿಯನ್ನೂ ಏಕಕಾಲಕ್ಕೆ ಪರೀಕ್ಷಿಸುವ ಅವಕಾಶ ಯಾವ ವಿಮರ್ಶಕನಿಗೂ ದೊರೆತಿರಲಾರದು! ಎರಡನೆಯ ಕಣ್ಣೂ ಆದ ಮೇಲೆ ಕೆಲವು ವಾರ ಅವರು ಬೆರೆಸುವ ಕೋಲನ್ನು ಮುಟ್ಟಲಿಲ್ಲ. ಹೊಸ ನೀಲಿ ಕಣ್ಣಿಗೆ ರೂಢಿಯಾಗುವವರೆಗೆ ಯಂತ್ರವೂ ಹುಡುಗನೂ ಕೆಲಸ ಮಾಡಿದರು. ಯಂತ್ರ ತರಿಸಿದ್ದು ಆಗಲೇ. ‘ಯಂತ್ರ ಬಂದ ಮೇಲೆ ಇವರಿಗೇನು ಕೆಲಸ’ ಎಂದು ಬೀದಿಯಲ್ಲಿ ಮಾತಾಯಿತು. ಮೇಸ್ತ್ರಿಗೆ ರಾತ್ರಿ ನಿದ್ದೆ ಬಾರದಿದ್ದುದು ಕಣ್ಣಿನ ಉರಿಯಿಂದಲ್ಲ.

ಈಗಿನ ವ್ಯವಸ್ಥೆ ಹೀಗೆ: ಯಂತ್ರ ಹತ್ತಿರದ ದಾರಿ ತೋರುತ್ತದೆ, ಹುಡುಗ ಅಳೆದು ಸುರಿಯುತ್ತಾನೆ, ಕೊನೆಯ ನಾಲ್ಕು ತೊಟ್ಟು ಮೇಸ್ತ್ರಿಯದು. ಚಾಲಕನ ಕಾರಿಗೂ ಹಾಗೆಯೇ ಆಯಿತು. ಯಂತ್ರ ಸೂಚಿಸಿದ ಪಾಕವನ್ನು ಬೆರೆಸಿ ಒಂದು ತಗಡಿನ ಚೀಟಿಗೆ ಸಿಂಪಡಿಸಿ, ಮೇಲೆ ಪಾರದರ್ಶಕ ಮೆರುಗು ಹೊಡೆದು ಒಣಗಿಸಿದರು. ಮೇಸ್ತ್ರಿ ಚೀಟಿಯನ್ನು ಕಾರಿನ ಬಾಗಿಲಿಗೆ ಒತ್ತಿ ಎದುರಿನಿಂದ ನೋಡಿ ತಲೆಯಾಡಿಸಿದರು. ಬಗ್ಗಿ ಓರೆಯಿಂದ ನೋಡಿ ಇಲ್ಲವೆಂದರು. ಓರೆಯಲ್ಲಿ ಅದು ಕಪ್ಪೇರುತ್ತಿತ್ತು. ದಪ್ಪ ಹುಡಿಯ ಬೆಳ್ಳಿಯನ್ನು ತುಸು ಇಳಿಸಿ, ಸಣ್ಣ ಹುಡಿಯದನ್ನು ಏರಿಸಿದರು. ಮೂರನೆಯ ಚೀಟಿಗೆ ಸಮಾಧಾನವಾಯಿತು. ಪಾಕವನ್ನು ತಮ್ಮ ಉದ್ದನೆಯ ನೋಟುಪುಸ್ತಕದಲ್ಲಿ ಬರೆದುಕೊಂಡರು.

ಆ ಪುಟ್ಟ ಡಬ್ಬಿ ಹೊತ್ತು ಚಾಲಕ ಹೋದದ್ದು ಕಲಾಸಿಪಾಳ್ಯದ ಕಡೆಯ ಓಣಿಯೊಂದಕ್ಕೆ. ‘ಟಿಂಕರಿಂಗ್ ಮತ್ತು ಪೇಂಟಿಂಗ್’ ಎಂಬ ಬೋರ್ಡಿನ ಕೆಳಗೆ ತಗಡಿನ ಮಾಡು. ಟಿಂಕರ್ ಒಳಗಿನಿಂದ ತಟ್ಟಿ ತಗ್ಗನ್ನು ಎಬ್ಬಿಸಿದ. ಪುಟ್ಟಿ ಬಳಿದು, ವಾಟರ್ ಪೇಪರಿನಿಂದ ನೀರು ಬಿಟ್ಟು ಉಜ್ಜಿ, ಪ್ರೈಮರ್ ಹೊಡೆದರು. ಗಾಜಿಗೂ ಚಕ್ರಕ್ಕೂ ಹಳೆಯ ಕಾಗದ ಹೊದಿಸಿದರು. ಧಾರಾವಾಹಿಯ ನಾಯಕಿ ರೈಲು ನಿಲ್ದಾಣದಲ್ಲಿ ಅಳುತ್ತಿದ್ದ ಪುಟವೊಂದು ಮುಂಗಾಜಿಗೆ ಅಂಟಿತ್ತು, ಮುಂದೇನಾಯಿತೆಂಬುದು ಬಂಪರಿನ ಕಡೆಗೆ.

ಕಾರ್ಖಾನೆಯಲ್ಲಿ ಕಾರಿನ ಒಡಲನ್ನು ವಿದ್ಯುತ್ ಹರಿಯುವ ತೊಟ್ಟಿಯಲ್ಲಿ ಮುಳುಗಿಸಿ ತಳದ ಲೇಪ ಹಿಡಿಸುತ್ತಾರೆ. ಅದರ ಮೇಲೆ ಯಂತ್ರದ ಕೈಗಳು ಬಣ್ಣ ಸಿಂಪಡಿಸುತ್ತವೆ, ಮೇಲಿನ ಮೆರುಗು ಸುಮಾರು 140 ಡಿಗ್ರಿಯ ಕಾವಿನಲ್ಲಿ ಬೇಯುತ್ತದೆ. ಎಲ್ಲ ಪದರಗಳೂ ಸೇರಿ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ತಯಾರಾದ ಕಾರನ್ನು ಮತ್ತೆ ಅಷ್ಟು ಬೇಯಿಸಲಾಗದು; ಒಳಗಿನ ಪ್ಲಾಸ್ಟಿಕ್ಕು, ರಬ್ಬರುಗಳು ಕರಗಿಯಾವು. ದೊಡ್ಡ ಕಾರ್ಯಾಗಾರಗಳಲ್ಲಿ 60 ಡಿಗ್ರಿ ಕಾವಿನ ಕೋಣೆಯಿರುತ್ತದೆ. ಓಣಿಯಲ್ಲಿ ಇರುವುದು ದೀಪದ ಶಾಖ, ಗಟ್ಟಿಗೊಳಿಸುವ ‘ಹಾರ್ಡನರ್’ ದ್ರವ, ದೇವರು ಕೊಟ್ಟ ಬಿಸಿಲು.

ಆ ಹಾರ್ಡನರಿನ ವಿಷಯದಲ್ಲಿ ಒಂದು ಮಾತು ಹೇಳದಿರಲಾಗದು. ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಸಿಂಪಡಿಸುವಾಗ ಅದರ ಮಂಜನ್ನು ಉಸಿರಾಡಿದವರಿಗೆ ಉಬ್ಬಸ ಅಂಟಬಹುದು. ಒಮ್ಮೆ ಅಂಟಿದರೆ ಆ ಕಸಬಿಗೇ ತಿಲಾಂಜಲಿ. ಹೊರಗಿನಿಂದ ಕೊಳವೆಯ ಮೂಲಕ ಶುದ್ಧ ಗಾಳಿ ಒದಗಿಸುವ ಮುಖವಾಡ ಇದಕ್ಕೆ ತಕ್ಕ ರಕ್ಷಣೆ. ಓಣಿಯ ಪೇಂಟರ್ ಕಟ್ಟಿಕೊಂಡಿದ್ದುದು ಕೈವಸ್ತ್ರ. ಕಾರು ಹೊಸದರಂತೆ ಕಾಣಬೇಕೆಂದು ಹಟ ಹಿಡಿಯುವ ಗಿರಾಕಿಗಳು ಅದರ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ನಷ್ಟವಾಗದು.

ಪೇಂಟರ್ ಬಾಗಿಲಿಗಷ್ಟೇ ಬಣ್ಣ ಹೊಡೆದು ಬಿಡಲಿಲ್ಲ. ಗೀಚು ಬಿದ್ದ ಜಾಗದಲ್ಲಿ ದಟ್ಟವಾಗಿ ಆರಂಭಿಸಿ, ಅಂಚಿಗೆ ಹೋದಂತೆ ತೆಳುವಾಗಿಸಿ, ಪಕ್ಕದ ಫೆಂಡರಿನ ಮೇಲೂ ಹಿಂಬಾಗಿಲ ಮೇಲೂ ಮಂಜಿನಂತೆ ಹಾಯಿಸಿ, ಮೂರರ ಮೇಲೂ ಮೆರುಗು ಹಾಕಿದ. ಎರಡು ಬಣ್ಣಗಳು ಒಂದು ಗೆರೆಯ ಆಚೀಚೆ ನಿಂತರೆ ಕಣ್ಣು ಹಿಡಿಯುತ್ತದೆ. ಗೆರೆಯೇ ಇಲ್ಲದೆ ಕರಗಿದರೆ ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಬೆಳ್ಳಿಗೆ ಇದಲ್ಲದೆ ಬೇರೆ ಉಪಾಯವಿಲ್ಲವೆಂಬುದು ಬಲ್ಲವರ ಅಭಿಮತ. ಉಗುರಿನಷ್ಟು ಗೀಚಿಗೆ ಇಷ್ಟೆಲ್ಲ ಬೇಡ. ಸಂಕೇತ ಹೇಳಿ ಕುಂಚವಿರುವ ಸಣ್ಣ ಸೀಸೆ ತಂದು, ನೆರಳಿನಲ್ಲಿ ಕಾರು ನಿಲ್ಲಿಸಿ, ತೆಳುವಾಗಿ ಎರಡು ಮೂರು ಬಾರಿ, ಪ್ರತಿ ಸಲ ಒಣಗಲು ಬಿಟ್ಟು ತುಂಬಿದರೆ ಸಾಕು. ಒಂದೇ ಸಲಕ್ಕೆ ತುಂಬಹೊರಟರೆ ಮೊಡವೆಯಂತೆ ಉಬ್ಬುತ್ತದೆ.

ಬುಧವಾರ ಮಧ್ಯಾಹ್ನ ಮೇಸ್ತ್ರಿ ತಾವೇ ಓಣಿಗೆ ಬಂದರು. ಕಾರನ್ನು ಮಾಡಿನಿಂದ ಬಿಸಿಲಿಗೆ ತಳ್ಳಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಗಿಲ ಮುಂದೆ ನಿಂತು ಬಲಗಣ್ಣು ಮುಚ್ಚಿ ನೋಡಿದರು, ಎಡಗಣ್ಣು ಮುಚ್ಚಿ ನೋಡಿದರು. ಈಗ ಎರಡರಲ್ಲೂ ಒಂದೇ ಕಾಣುತ್ತದೆಯಾದರೂ ಆ ಅಭ್ಯಾಸ ಹೋಗಿಲ್ಲ. ಹುಡುಗನನ್ನೂ ಕರೆದು “ನೀಲಿ ಇದೆಯೇನೋ?” ಎಂದು ಕೇಳಿದರು. ಅವನು ಇಲ್ಲವೆಂದ. “ಬಾಯಿಗೆ ಬಂದ ಹಾಗೆ ಹೇಳಬೇಡ, ನೋಡಿ ಹೇಳು” ಎಂದರು. ಅವನು ಮತ್ತೊಮ್ಮೆ ನೋಡಿ ಮತ್ತೆ ಇಲ್ಲವೆಂದ.

ಗುರುವಾರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಚಾಲಕ ಫೋನು ಮಾಡಿದ.

“ಯಜಮಾನರು ನೋಡಿದರು ಮೇಸ್ತ್ರಿಗಳೇ. ಏನೂ ಅನ್ನಲಿಲ್ಲ.”

“ಎಲ್ಲಿ ನೋಡಿದರು?”

“ನೆಲಮಾಳಿಗೆಯಲ್ಲಿ. ಟ್ಯೂಬ್‌ಲೈಟಿನಲ್ಲಿ.”

“ಹಾಗಾದರೆ ಇನ್ನೂ ನೋಡಿಲ್ಲ ಬಿಡು. ನಾಳೆ ಹೊರಗೆ ತೆಗೆದ ಮೇಲೆ ಹೇಳು.”

ಮರುದಿನ ಹತ್ತು ಗಂಟೆಗೆ ಮತ್ತೆ ಫೋನು ಬಂತು. ಯಜಮಾನರು ಗೇಟಿನ ಮುಂದೆ, ಬಿಸಿಲಿನಲ್ಲಿ, ಕಾರಿನ ಸುತ್ತ ಎರಡು ಸಲ ನಡೆದು ನೋಡಿದರಂತೆ. ಬಲಗಡೆಯ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸಬೇಕೆಂದು ಹೇಳಿ ಒಳಗೆ ಕುಳಿತರಂತೆ.